ಹೊಳೆ ಮೊದಲು, ಗಾಳ ಆಮೇಲೆ: ಟ್ರೌಟ್ ಅನ್‌ಲಿಮಿಟೆಡ್ ನಡೆದುಬಂದ ಆರೂವರೆ ದಶಕ

1959ಕ್ಕೆ ಮುಂಚೆ

ಅಮೆರಿಕದ ಮಿಷಿಗನ್ ರಾಜ್ಯದ ಉತ್ತರಭಾಗದಲ್ಲಿ ಗ್ರೇಲಿಂಗ್ ಎಂಬ ಊರಿದೆ. ಪಕ್ಕದ ಓ ಸಾಬಲ್ ಹೊಳೆಯಲ್ಲಿ ಒಂದು ಕಾಲಕ್ಕೆ ಹಿಂಡುಹಿಂಡಾಗಿ ಇದ್ದ ಮೀನಿನ ಹೆಸರನ್ನೇ ಊರಿಗೆ ಇಟ್ಟರು. ಊರು ಉಳಿಯಿತು, ಮೀನು ಉಳಿಯಲಿಲ್ಲ.

ಓ ಸಾಬಲ್‌ಗೆ ಮಳೆಗಿಂತ ಒರತೆಯೇ ಆಧಾರ. ಹಿಮಯುಗ ಬಿಟ್ಟುಹೋದ ಮರಳಿನ ದಪ್ಪ ಹಾಸು ಮಳೆ, ಹಿಮದ ನೀರನ್ನೆಲ್ಲ ಹೀರಿಕೊಂಡು ವರ್ಷವಿಡೀ ಸ್ವಲ್ಪಸ್ವಲ್ಪವೇ ಹೊಳೆಗೆ ಬಿಡುತ್ತದೆ. ಬೇಸಿಗೆಯಲ್ಲೂ ನೀರು ಬತ್ತುವುದಿಲ್ಲ, ಬಿಸಿಯೂ ಆಗುವುದಿಲ್ಲ. ತಣ್ಣೀರಿನ ಮೀನಿಗೆ ಇದಕ್ಕಿಂತ ಒಳ್ಳೆಯ ನೆಲೆ ಸಿಗುವುದು ಕಷ್ಟ. 1870ರ ದಶಕದಿಂದ ಅಲ್ಲಿಯ ಬಿಳಿ ಪೈನ್ ಕಾಡನ್ನು ಕಡಿದು ದಿಮ್ಮಿಗಳನ್ನು ಹೊಳೆಯಲ್ಲೇ ತೇಲಿಬಿಟ್ಟರು. ಹಿಮ ಕರಗಿ ನೀರು ಏರುವ ವಸಂತವೇ ದಿಮ್ಮಿ ಸಾಗಿಸುವ ಕಾಲ. ಗ್ರೇಲಿಂಗ್ ಜಲ್ಲಿಯ ಮೇಲೆ ತತ್ತಿಯಿಡುವುದೂ ಅದೇ ಹೊತ್ತಿಗೆ. ಉರುಳಿ ಉಜ್ಜಿ ಸಾಗಿದ ಮರ ಹೊಳೆಯ ತಳವನ್ನು ಕೆರೆದುಹಾಕಿತು. ಬೋಳಾದ ದಂಡೆಗಳು ಕುಸಿದು ಮರಳು ತುಂಬಿತು. ರೈಲು ಬಂದ ಮೇಲೆ ಹಿಡಿದ ಮೀನು ಷಿಕಾಗೋ ಪೇಟೆಗೆ ಹೋಗತೊಡಗಿತು. 20ನೇ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ಓ ಸಾಬಲ್‌ನಲ್ಲಿ ಗ್ರೇಲಿಂಗ್ ಇರಲಿಲ್ಲ. 1930ರ ದಶಕದಲ್ಲಿ ಇಡೀ ಮಿಷಿಗನ್‌ನಿಂದಲೇ ಅದು ಮರೆಯಾಯಿತು.

ಖಾಲಿಯಾದ ನೀರಿಗೆ ಟ್ರೌಟ್ ಬಂತು, ಅಂದರೆ ಮನುಷ್ಯರು ತಂದು ಬಿಟ್ಟರು. ಬ್ರೂಕ್ ಟ್ರೌಟ್ ಅಮೆರಿಕದ ಪೂರ್ವಭಾಗದ್ದೇ ಮೀನಾದರೂ ಈ ಹೊಳೆಯದಲ್ಲ. ರೇನ್‌ಬೋ ಟ್ರೌಟ್ ಪಶ್ಚಿಮ ಕರಾವಳಿಯ ಕಡೆಯದು. ಬ್ರೌನ್ ಟ್ರೌಟ್ ಜರ್ಮನಿಯಿಂದ ತತ್ತಿಯ ರೂಪದಲ್ಲಿ ಹಡಗು ಹತ್ತಿ ಬಂದು, 1884ರಲ್ಲಿ ಇದೇ ಮಿಷಿಗನ್‌ನ ಬಾಲ್ಡ್‌ವಿನ್ ಹೊಳೆಗೆ ಮೊದಲು ಇಳಿಯಿತು. ನಮ್ಮ ಕಡೆಯವರು ಟ್ರೌಟ್ ಎಂಬುದನ್ನು ಕಂಡಿದ್ದರೆ ಬಹುಶಃ ನೀಲಗಿರಿಯಲ್ಲಿ ಕಂಡಿರುತ್ತಾರೆ. ಅಲ್ಲಿಗೂ ಅದನ್ನು ಒಯ್ದದ್ದು ಗಾಳದ ಹುಚ್ಚಿದ್ದ ಬ್ರಿಟಿಷರೇ. ಅವಲಾಂಚಿಯಲ್ಲಿ ಅದಕ್ಕಾಗಿ 1907ರಲ್ಲಿ ಮರಿ ಸಾಕುವ ಕೇಂದ್ರವನ್ನೂ ಕಟ್ಟಿದರು. ಹೊರಗಿನ ಮೀನು ತಂದು ಹೊಳೆಗೆ ಬಿಡುವುದು ಆ ಕಾಲಕ್ಕೆ ಲೋಕೋಪಕಾರದ ಕೆಲಸ ಎನಿಸಿಕೊಂಡಿತ್ತು.

ಈ ಹಿನ್ನೆಲೆಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಯಾ ನೀರಿನದೇ ಮೀನನ್ನು ಉಳಿಸುವ ಕೆಲಸಕ್ಕೆ ಇಂದು ಹೆಸರಾದ ಸಂಸ್ಥೆ ಹುಟ್ಟಿದ್ದು, ತನ್ನ ಮೂಲ ಮೀನನ್ನು ಆಗಲೇ ಕಳೆದುಕೊಂಡು ಕೂತಿದ್ದ ಹೊಳೆಯ ದಡದಲ್ಲಿ. ಹುಟ್ಟುವಾಗ ಅದಕ್ಕೆ ಆ ಗುರಿ ಇರಲೂ ಇಲ್ಲ. ಗುರಿ ಬೆಳೆದದ್ದು ನಿಧಾನವಾಗಿ, ಹೊಳೆ ಕಲಿಸಿದಂತೆ.

1959–1965: ಹೊಳೆದಡದ ಮನೆ

ಕಾರು ಮತ್ತು ಫ್ರಿಜ್ ತಯಾರಿಸುತ್ತಿದ್ದ ನ್ಯಾಷ್-ಕೆಲ್ವಿನೇಟರ್ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್‌ಗೆ ಓ ಸಾಬಲ್‌ನ ದಕ್ಷಿಣ ಕವಲಿನಲ್ಲಿ ದೊಡ್ಡ ಜಮೀನಿತ್ತು. ಬಾತುಕೋಳಿಗಳ ಜೌಗುನೆಲ ಉಳಿಸಲು 1937ರಲ್ಲಿ ಹುಟ್ಟಿದ ಡಕ್ಸ್ ಅನ್‌ಲಿಮಿಟೆಡ್ ಅವರಿಗೆ ಚೆನ್ನಾಗಿ ಗೊತ್ತಿತ್ತು. ಟ್ರೌಟ್‌ಗೂ ಅಂಥದ್ದೊಂದು ಬೇಕು ಎಂಬ ಮಾತನ್ನು ಅವರು ಗಾಳದ ಗೆಳೆಯ ಜಾರ್ಜ್ ಗ್ರಿಫಿತ್ ಅವರ ಕಿವಿಗೆ ಹಾಕಿದರು. ಮೇಸನ್ 1954ರಲ್ಲಿ ತೀರಿಕೊಂಡಾಗ ಹೊಳೆಯಂಚಿನ ಸುಮಾರು 1,500 ಎಕರೆ ರಾಜ್ಯಕ್ಕೆ ಬಂತು. ಅದನ್ನು ಮಾರಕೂಡದು, ಕಾಡಾಗಿಯೇ ಇರಬೇಕು ಎಂಬ ಷರತ್ತಿನ ದಾನ ಅದು. ಇಂದಿಗೂ ಆ ಜಾಗಕ್ಕೆ ಮೇಸನ್ ಟ್ರ್ಯಾಕ್ಟ್ ಎಂದೇ ಹೆಸರು.

ಮಾತನ್ನು ಕೆಲಸವಾಗಿಸಿದವರು ಗ್ರಿಫಿತ್. ಅವರು ರಾಜ್ಯದ ಕನ್ಸರ್ವೇಷನ್ ಕಮಿಷನ್ನಿನಲ್ಲಿ ಸದಸ್ಯರಾಗಿದ್ದವರು, ಸರ್ಕಾರದ ಒಳಗುಟ್ಟು ಬಲ್ಲವರು. ಮೀನನ್ನು ಮರುಳು ಮಾಡಲು ಗಾಳಕ್ಕೆ ನವಿಲುಗರಿಯ ಎಳೆ ಸುತ್ತಿ ಮಾಡುವ ‘ಗ್ರಿಫಿತ್ಸ್ ನ್ಯಾಟ್’ ಎಂಬ ಪುಟ್ಟ ಹುಸಿನೊಣ ಅವರ ಹೆಸರಿನದೇ. ಜಗತ್ತಿನ ಗಾಳದವರ ಡಬ್ಬಿಗಳಲ್ಲಿ ಅದು ಈಗಲೂ ಇದೆ. ಗ್ರೇಲಿಂಗ್ ಊರಿನ ಪೂರ್ವಕ್ಕೆ, ಹೊಳೆಯ ದಡದಲ್ಲಿ ಅವರ ಮನೆ. ಹಿಡಿದ ಮೀನನ್ನು ಗಾಯವಿಲ್ಲದೆ ಬಿಟ್ಟುಬಿಡಲು ಬಳಸುವ, ಮರುಮುಳ್ಳಿಲ್ಲದ ಗಾಳದ ಹೆಸರನ್ನೇ ಆ ಮನೆಗೆ ಇಟ್ಟಿದ್ದರು: ‘ಬಾರ್ಬ್‌ಲೆಸ್ ಹುಕ್’. 1959ರ ಜುಲೈನಲ್ಲಿ ಅಲ್ಲಿ 16 ಮಂದಿ ಸೇರಿದರು. ಅದೇ ವರ್ಷ ಟ್ರೌಟ್ ಅನ್‌ಲಿಮಿಟೆಡ್ ಎಂಬ ಹೆಸರಿನಲ್ಲಿ ಸಂಸ್ಥೆ ನೋಂದಣಿಯಾಯಿತು. ಡಾ. ಕೇಸಿ ವೆಸ್ಟೆಲ್ ಮೊದಲ ಅಧ್ಯಕ್ಷರಾದರು.

ಅವರನ್ನು ಒಟ್ಟುಗೂಡಿಸಿದ ಸಿಟ್ಟು ಯಾವುದೆಂದರೆ ಮೀನು ಬಿತ್ತನೆ. ಸರ್ಕಾರದ ಇಲಾಖೆ ತೊಟ್ಟಿಗಳಲ್ಲಿ ಟ್ರೌಟ್ ಸಾಕಿ, ಹಿಡಿಯುವ ಗಾತ್ರಕ್ಕೆ ಬಂದ ಮೇಲೆ ಲಾರಿಯಲ್ಲಿ ತಂದು ಹೊಳೆಗೆ ಸುರಿಯುತ್ತಿತ್ತು. ಲಾರಿಯ ಹಿಂದೆಯೇ ಜನ ಬರುತ್ತಿದ್ದರು. ಎರಡು ಮೂರು ವಾರದೊಳಗೆ ಬಹುಪಾಲು ಖಾಲಿ. ತೊಟ್ಟಿಯಲ್ಲಿ ತಿಂಡಿ ತಿಂದು ಬೆಳೆದ ಮೀನಿಗೆ ಹರಿವ ನೀರಿನಲ್ಲಿ ಬದುಕುವುದು ಗೊತ್ತಿಲ್ಲ. ಇದ್ದಷ್ಟು ದಿನ ಅದು ಕಾಡುಮೀನಿನ ಜಾಗ ಹಿಡಿದಿರುತ್ತದೆ. ಗಾಳದ ಲೈಸೆನ್ಸಿನ ದುಡ್ಡೆಲ್ಲ ಇದಕ್ಕೇ ಹೋದರೆ ಕುಸಿದ ದಂಡೆ ಕಟ್ಟುವವರು ಯಾರು, ಮರಳು ತುಂಬಿದ ಜಲ್ಲಿ ತೊಳೆಯುವವರು ಯಾರು? ಸಂಸ್ಥೆಯ ತಾತ್ವಿಕ ನೆಲಗಟ್ಟನ್ನು ಹಾಕಿದ ಆರ್ಟ್ ನ್ಯೂಮನ್ ಸ್ಯಾಗಿನಾ ಊರಿನಲ್ಲಿ ಗಾಳದ ಕೋಲುಗಳ ಅಂಗಡಿ ಇಟ್ಟುಕೊಂಡಿದ್ದವರು. ಮೀನಿನ ಯೋಗಕ್ಷೇಮ ನೋಡಿಕೊಂಡರೆ ಸಾಕು, ಮೀನುಗಾರಿಕೆ ತನ್ನಷ್ಟಕ್ಕೆ ಸರಿಹೋಗುತ್ತದೆ ಎಂಬುದು ಅವರ ನಿಲುವು. ಗಾಳದ ಸಾಮಾನು ಮಾರಿ ಬದುಕುವವರು ಮೀನು ಹಿಡಿಯುವುದಕ್ಕೆ ಕಡಿವಾಣ ಹಾಕಿ ಎಂದು ಹೇಳುವುದು ಸುಲಭದ ಮಾತಲ್ಲ. 1960ರ ದಶಕದ ಮಧ್ಯದಷ್ಟರಲ್ಲಿ ಮಿಷಿಗನ್ ತನ್ನ ಹೊಳೆಗಳಿಗೆ ದೊಡ್ಡ ಟ್ರೌಟ್ ಸುರಿಯುವ ಪದ್ಧತಿಯಿಂದ ಹಿಂದೆ ಸರಿಯಿತು.

ಆರಂಭದ ಸಭೆಗಳು ಶಾಂತವಾಗಿಯೇ ನಡೆದವೆಂದು ಹೇಳಲಾಗದು. ಎರೆಹುಳು ಕಟ್ಟುವವರಿಗೂ ಹುಸಿನೊಣ ಕಟ್ಟುವವರಿಗೂ ಎಲ್ಲ ದೇಶದಲ್ಲೂ ಒಂದು ಹಳೆಯ ಬಿಗುಮಾನವಿದೆ. ಇದು ಹುಸಿನೊಣದ ಶ್ರೀಮಂತರ ಕ್ಲಬ್ಬು ಎಂಬ ಕೊಂಕು ಆಗಲೂ ಇತ್ತು, ಇಂದಿಗೂ ಪೂರ್ತಿ ಹೋಗಿಲ್ಲ. ಸಲಕರಣೆಯ ಜಗಳವನ್ನು ಪಕ್ಕಕ್ಕಿಟ್ಟು ಹೊಳೆಯ ಸ್ಥಿತಿಯ ಮೇಲೆ ಮಾತು ಹಿಡಿದಿಟ್ಟದ್ದು ಹಿರಿಯರ ಜಾಣತನ.

1965–1980: ಮಿಷಿಗನ್ ದಾಟಿ

ಬೇರೆ ರಾಜ್ಯಗಳಲ್ಲಿ ಘಟಕಗಳು ಹುಟ್ಟಿಕೊಂಡವು. 1970ರ ದಶಕದಲ್ಲಿ ಕೇಂದ್ರ ಕಚೇರಿ ಕೊಲರಾಡೋದ ಡೆನ್ವರ್‌ನಲ್ಲಿತ್ತು. ಆಮೇಲೆ ರಾಜಧಾನಿಗೆ ಹತ್ತಿರವಾಗಲೆಂದು ವರ್ಜೀನಿಯಾಕ್ಕೆ ಬಂತು. ತವರು ಬಿಟ್ಟುಹೋದ ಬೇಸರ ಮಿಷಿಗನ್ನಿನ ಹಳಬರಿಗೆ ಇದ್ದಿರಲಾರದೆ? ಆದರೆ 1972ರ ಶುದ್ಧ ನೀರಿನ ಕಾಯ್ದೆ, 1973ರ ಅಳಿವಿನಂಚಿನ ಜೀವಿಗಳ ಕಾಯ್ದೆ ಬಂದಮೇಲೆ ಹೊಳೆಯ ಹಣೆಬರಹವನ್ನು ರಾಜಧಾನಿಯಲ್ಲೇ ಬರೆಯತೊಡಗಿದ್ದರು.

ಬಿತ್ತನೆಯ ವಾದಕ್ಕೆ ಗಟ್ಟಿ ಸಾಕ್ಷ್ಯ ಸಿಕ್ಕಿದ್ದು ಮೊಂಟಾನಾದಲ್ಲಿ. ಅಲ್ಲಿಯ ಸರ್ಕಾರಿ ಜೀವವಿಜ್ಞಾನಿ ಡಿಕ್ ವಿನ್ಸೆಂಟ್ ಮ್ಯಾಡಿಸನ್ ನದಿಯ ಒಂದು ಭಾಗದಲ್ಲಿ ಬಿತ್ತನೆ ನಿಲ್ಲಿಸಿ ನೋಡಿದರು. ಹಿಂದೆಂದೂ ಬಿತ್ತದ ಓಡೆಲ್ ಹಳ್ಳಕ್ಕೆ ತೊಟ್ಟಿಯ ಮೀನು ಬಿಟ್ಟು ನೋಡಿದರು. ನಿಲ್ಲಿಸಿದಲ್ಲಿ ಕಾಡುಮೀನು ಹೆಚ್ಚಿತು, ಬಿಟ್ಟಲ್ಲಿ ತಗ್ಗಿತು. 1974ರಲ್ಲಿ ಮೊಂಟಾನಾ, ಮೀನು ತಾನಾಗಿ ಮರಿಮಾಡಿಕೊಳ್ಳುತ್ತಿರುವ ನದಿಗಳಿಗೆ ಬಿತ್ತನೆ ನಿಲ್ಲಿಸಿತು. ಲಾರಿ ಬರುವುದಿಲ್ಲ ಎಂದಾಗ ಜನ ಹೌಹಾರಿದ್ದರು. ಇಂದು ಆ ನದಿಗಳಿಗಾಗಿಯೇ ಪ್ರವಾಸಿಗರು ದೂರದೂರದಿಂದ ಬರುತ್ತಾರೆ. ಒಂದು ಮಾತು ಮಾತ್ರ ಗಮನಿಸಬೇಕು. ಹೀಗೆ ಹೆಚ್ಚಿದ ಬ್ರೌನ್, ರೇನ್‌ಬೋ ಎರಡೂ ಆ ನದಿಯ ಮೂಲದವಲ್ಲ. ತೊಟ್ಟಿಯ ಮೀನೋ ಕಾಡುಮೀನೋ ಎಂಬುದಷ್ಟೇ ಅಂದಿನ ಪ್ರಶ್ನೆ. ಕಾಡುಮೀನು ಎಲ್ಲಿಯದು ಎಂದು ಕೇಳುವ ಕಾಲ ಇನ್ನೂ ಬಂದಿರಲಿಲ್ಲ.

ಸೋತ ಹೋರಾಟಗಳೂ ಇವೆ. ಟೆನೆಸೀ ರಾಜ್ಯದಲ್ಲಿ ಲಿಟ್ಲ್ ಟೆನೆಸೀ ನದಿಗೆ ಟೆಲಿಕೋ ಅಣೆಕಟ್ಟು ಬೇಡವೆಂದು 1970ರ ದಶಕದ ಆರಂಭದಲ್ಲಿ ಕೋರ್ಟಿಗೆ ಹೋದವರಲ್ಲಿ ಟ್ರೌಟ್ ಅನ್‌ಲಿಮಿಟೆಡ್ ಕೂಡ ಇತ್ತು. ಆ ಅಣೆಕಟ್ಟಿನ ಇನ್ನೊಂದು ದಾವೆಯಲ್ಲಿ 1978ರಲ್ಲಿ ಸ್ನೇಲ್ ಡಾರ್ಟರ್ ಎಂಬ ಬೆರಳುದ್ದದ ಮೀನಿನ ಪರವಾಗಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟರೂ ಸಂಸತ್ತು ವಿನಾಯಿತಿ ಕೊಟ್ಟಿತು, 1979ರ ನವೆಂಬರಿನಲ್ಲಿ ಗೇಟು ಮುಚ್ಚಿತು, ಕಣಿವೆ ಮುಳುಗಿತು.

1975ರಲ್ಲಿ ಶುರುವಾದ ‘ಎಂಬ್ರೇಸ್ ಎ ಸ್ಟ್ರೀಮ್’ ಯೋಜನೆಯನ್ನು ನಾನು ಈ ಚರಿತ್ರೆಯ ತಿರುವು ಎನ್ನುತ್ತೇನೆ. ಊರಿನ ಘಟಕ ತನ್ನ ಹಳ್ಳಕ್ಕೆ ಏನು ಬೇಕೆಂದು ಬರೆದು ಕಳಿಸಬೇಕು; ಕೇಂದ್ರ ಚಿಕ್ಕ ಅನುದಾನ ಕೊಡುತ್ತದೆ; ಉಳಿದ ದುಡ್ಡು, ಜನ, ಜಮೀನುದಾರರ ಒಪ್ಪಿಗೆಗಳನ್ನು ಘಟಕವೇ ಹೊಂದಿಸಿಕೊಳ್ಳಬೇಕು. ಕೊಡುವ ಮೊತ್ತ ದೊಡ್ಡದಲ್ಲ. ಆದರೆ ಗಾಳ ಹಾಕುವುದಷ್ಟೇ ಗೊತ್ತಿದ್ದ ಮೇಷ್ಟರು, ಅಂಗಡಿಯವರು, ಬಡಗಿಗಳು ನೀರಿನ ಉಷ್ಣತೆ ಅಳೆಯಲು, ಕಲ್ಲಿನಡಿಯ ಹುಳು ಎಣಿಸಲು, ಇಲಾಖೆಯ ಪರವಾನಗಿ ಅರ್ಜಿ ತುಂಬಲು ಕಲಿತದ್ದು ಇದರಿಂದ.

1980–1998: ದಂಡೆಯಿಂದ ಕಣಿವೆಗೆ

ಟ್ರೌಟ್‌ಗೆ ಬೇಕಾದ್ದು ನಾಲ್ಕೈದೇ. ನೀರು ತಣ್ಣಗಿರಬೇಕು, ಬ್ರೂಕ್ ಟ್ರೌಟ್ ಆದರೆ ಸುಮಾರು 20 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ಚಡಪಡಿಸುತ್ತದೆ. ತತ್ತಿಗೆ ಹೂಳಿಲ್ಲದ ಜಲ್ಲಿ ಬೇಕು, ಸಂದಿಗಳಲ್ಲಿ ಉಸಿರುಗಾಳಿಯ ನೀರು ಹರಿಯುತ್ತಿರಬೇಕು. ಅಡಗಲು ಬಿದ್ದ ಮರ, ಕೊರೆದ ದಂಡೆ. ತಿನ್ನಲು ಹುಳು. ಮೇಲೆ ಕೆಳಗೆ ಓಡಾಡಲು ತಡೆಯಿಲ್ಲದ ದಾರಿ. ಇವುಗಳಲ್ಲಿ ಒಂದೂ ಹೊಳೆಯೊಳಗಷ್ಟೇ ತೀರ್ಮಾನವಾಗುವುದಿಲ್ಲ.

ವಿಸ್ಕಾನ್ಸಿನ್ನಿನ ನೈಋತ್ಯ, ಮಿನ್ನೆಸೋಟದ ಆಗ್ನೇಯ ಮತ್ತು ಆಯೋವಾದ ಈಶಾನ್ಯ ಮೂಲೆಗಳು ಸೇರುವ ಡ್ರಿಫ್ಟ್‌ಲೆಸ್ ಸೀಮೆಯಲ್ಲಿ ಇದು ಎದ್ದು ಕಾಣುತ್ತದೆ. ಹಿಮನದಿಗಳು ಮಟ್ಟಮಾಡದೆ ಬಿಟ್ಟ ಕಡಿದಾದ ಗುಡ್ಡ, ಸುಣ್ಣಕಲ್ಲು, ಹೆಜ್ಜೆಗೊಂದು ಒರತೆ. 19ನೇ ಶತಮಾನದಲ್ಲಿ ಬಂದು ನೆಲೆಸಿದ ರೈತರು ಇಳಿಜಾರಿನಲ್ಲಿ ನೇರ ಉಕ್ಕೆ ಹೊಡೆದರು. ಮೇಲ್ಮಣ್ಣು ಇಳಿದು ಕಣಿವೆಯ ತಳದಲ್ಲಿ ಆಳುದ್ದ ತುಂಬಿತು. 1933ರಲ್ಲಿ ಅಮೆರಿಕದ ಮೊದಲ ಜಲಾನಯನ ಮಣ್ಣುರಕ್ಷಣೆಯ ಪ್ರಾತ್ಯಕ್ಷಿಕೆ ನಡೆದದ್ದು ಇಲ್ಲಿನ ಕೂನ್ ಕ್ರೀಕ್‌ನಲ್ಲೇ. ಸಮಪಾತಳಿ ಬೇಸಾಯ ಬಂತು, ಮಳೆ ನೆಲಕ್ಕಿಳಿಯಿತು, ಬೇಸಿಗೆಯ ಹರಿವು ಚೇತರಿಸಿಕೊಂಡಿತು. ಹಿಂದೆ ತುಂಬಿದ ಮಣ್ಣು ಮಾತ್ರ ಅಲ್ಲೇ ಉಳಿಯಿತು. ಹೊಳೆ ಅದನ್ನು ಕೊರೆದು ಎರಡೂ ಬದಿ ಗೋಡೆಯಂಥ ದಂಡೆಗಳ ನಡುವೆ ಹರಿಯತೊಡಗಿತು. ಪ್ರತಿ ನೆರೆಗೂ ಒಂದಷ್ಟು ಗೋಡೆ ಕುಸಿಯುವುದು, ಅಷ್ಟು ಹೂಳು.

ಇಲ್ಲಿಯ ಘಟಕಗಳು ರಾಜ್ಯದ ಇಲಾಖೆಯೊಂದಿಗೆ ಸೇರಿ ರೂಢಿಸಿದ ಕೆಲಸದ ಕ್ರಮ ಹೀಗೆ: ಯಂತ್ರದಿಂದ ಗೋಡೆಯನ್ನು ಹಿಂದಕ್ಕೆ ಕಡಿದು ಇಳಿಜಾರು ಮಾಡುವುದು, ನೆರೆ ಬಂದರೆ ಬಯಲಿಗೆ ಹರಡಿ ಸುಸ್ತಾಗಲು ಬಿಡುವುದು; ಬುಡಕ್ಕೆ ಕಲ್ಲು ಕಟ್ಟುವುದು; ತಿರುವಿನಲ್ಲಿ ದಪ್ಪ ಹಲಗೆಗಳ ಗೂಡು ಇಟ್ಟು ಮೇಲೆ ಕಲ್ಲು-ಮಣ್ಣು ಹೊದಿಸಿದರೆ ಮೀನಿಗೆ ಅಡಗುತಾಣ; ಕೊನೆಗೆ ಹುಲ್ಲಿನ ಬೀಜ. ಹೊಳೆಯ ಬಹುಭಾಗ ಹರಿಯುವುದು ಖಾಸಗಿ ಹೊಲದಲ್ಲಿ, ಆದ್ದರಿಂದ ರೈತರ ಅಡುಗೆಮನೆಯ ಮೇಜಿನಿಂದಲೇ ಕೆಲಸ ಶುರು. ಅವರಿಗೆ ಮೀನಿನ ಚಿಂತೆ ಇರಬೇಕೆಂದಿಲ್ಲ. ಹೊಲ ಕೊಚ್ಚಿಹೋಗುವ ಚಿಂತೆ ಸಾಕು. ದನ ದಂಡೆ ತುಳಿಯದಂತೆ ಬೇಲಿ, ಗಾಳದವರಿಗೆ ನಡೆದಾಡಲು ದಾರಿ, ಹೀಗೆ ಕೊಡುಕೊಳ್ಳುವಿಕೆ ನಡೆಯುತ್ತದೆ. ಬರಬರುತ್ತ ಆಮೆ, ಕಪ್ಪೆ, ಹಾವುಗಳ ಚಳಿಗಾಲದ ಬಿಲಗಳೂ ನಕ್ಷೆಯಲ್ಲಿ ಸೇರಿದವು. ಮೀನಿಗೆಂದು ಬಂದವರು ಹಾವಿಗೆ ಮನೆ ಕಟ್ಟುವಷ್ಟು ಬದಲಾದರು.

ಚಾರ್ಲ್ಸ್ ಗಾವಿನ್ 1991ರಲ್ಲಿ ಮುಖ್ಯಾಧಿಕಾರಿಯಾದ ಮೇಲೆ ಸಂಸ್ಥೆ ವಿಜ್ಞಾನಿಗಳನ್ನೂ ವಕೀಲರನ್ನೂ ನೇಮಿಸಿಕೊಂಡು ಬೆಳೆಯಿತು. 1994ರಲ್ಲಿ ನ್ಯೂಯಾರ್ಕ್ ರಾಜ್ಯದ ಬೀವರ್‌ಕಿಲ್ ಕಣಿವೆಯಿಂದ ‘ಹೋಮ್ ರಿವರ್ಸ್’ ಕಾರ್ಯಕ್ರಮ ಆರಂಭವಾಯಿತು: ಒಂದು ಕಣಿವೆಗೆ ಒಬ್ಬ ಪೂರ್ಣಾವಧಿ ನೌಕರ, ಹಲವು ವರ್ಷ, ಇಡೀ ಜಲಾನಯನ. ವಾರಾಂತ್ಯದ ಸ್ವಯಂಸೇವಕರಿಗೂ ಸಂಬಳದ ತಜ್ಞರಿಗೂ ನಡುವೆ ಆಗಾಗ ಮಾತು ಬಂದಿರಬಹುದು; ಎರಡೂ ಬೇಕೆಂಬುದು ಕೆಲಸದಲ್ಲೇ ಇತ್ಯರ್ಥವಾಯಿತು.

1999–2016: ಒಡೆದ ಕಟ್ಟೆಗಳು

ಸ್ಮರಣ ಸಂಚಿಕೆಗಳಲ್ಲಿ ಕಟ್ಟಡಗಳ ಬಗ್ಗೆ ಒಂದು ಅಧ್ಯಾಯ ಇರಲೇಬೇಕು. ಈ ಸಂಸ್ಥೆ ಕಟ್ಟಿದ್ದಕ್ಕಿಂತ ಕೆಡವಿದ್ದರ ಪಟ್ಟಿ ದೊಡ್ಡದು. ಮೇನ್ ರಾಜ್ಯದ ರಾಜಧಾನಿ ಆಗಸ್ಟಾದಲ್ಲಿ ಕೆನೆಬೆಕ್ ನದಿಗೆ 1837ರಲ್ಲಿ ಕಟ್ಟಿದ್ದ ಎಡ್ವರ್ಡ್ಸ್ ಅಣೆಕಟ್ಟು ಕೊಡುತ್ತಿದ್ದ ವಿದ್ಯುತ್ ಅತ್ಯಲ್ಪ. ಅದರ ಪರವಾನಗಿ ನವೀಕರಣಕ್ಕೆ ಬಂದಾಗ ಟ್ರೌಟ್ ಅನ್‌ಲಿಮಿಟೆಡ್ ಮತ್ತು ಅದರ ಕೆನೆಬೆಕ್ ಕಣಿವೆಯ ಘಟಕ ಇತರ ಸಂಘಟನೆಗಳೊಂದಿಗೆ ಸೇರಿ ತಕರಾರು ಹೂಡಿದವು. 1997ರಲ್ಲಿ ಒಕ್ಕೂಟ ಸರ್ಕಾರದ ಇಂಧನ ಆಯೋಗ ಮಾಲೀಕರ ಇಚ್ಛೆಗೆ ವಿರುದ್ಧವಾಗಿ ಅಣೆಕಟ್ಟು ತೆಗೆಯುವಂತೆ ಆದೇಶಿಸಿದ್ದು ಅದೇ ಮೊದಲು. 1999ರ ಜುಲೈ 1ರಂದು ಕಟ್ಟೆ ಒಡೆಯಿತು. ಮುಂದಿನ ವರ್ಷಗಳಲ್ಲಿ ಏಲ್‌ವೈಫ್ ಎಂಬ ಕಡಲಮೀನು ಲಕ್ಷಗಟ್ಟಲೆ ತತ್ತಿಯಿಡಲು ನದಿ ಹತ್ತಿತು. ಅದು ಟ್ರೌಟ್ ಅಲ್ಲ ಎಂಬುದನ್ನು ಯಾರೂ ಆಕ್ಷೇಪಿಸಲಿಲ್ಲ.

ಅದೇ ರಾಜ್ಯದ ಪೆನಾಬ್ಸ್ಕಾಟ್ ನದಿಯಲ್ಲಿ ಜಗಳದ ಬದಲು ಒಪ್ಪಂದ. ಪೆನಾಬ್ಸ್ಕಾಟ್ ಮೂಲನಿವಾಸಿಗಳು, ವಿದ್ಯುತ್ ಕಂಪನಿ, ಸಂರಕ್ಷಣಾ ಸಂಘಗಳು ಕೂತು ಮಾತಾಡಿ ಕೆಲವು ಅಣೆಕಟ್ಟುಗಳಲ್ಲಿ ಉತ್ಪಾದನೆ ಹೆಚ್ಚಿಸಿ ಕೆಲವನ್ನು ತೆಗೆಯಲು ಒಪ್ಪಿದರು. ಗ್ರೇಟ್ ವರ್ಕ್ಸ್ 2012ರಲ್ಲಿ, ವೀಜಿ 2013ರಲ್ಲಿ ಹೋದವು. 2016ಕ್ಕೆ ಹೌಲ್ಯಾಂಡ್ ಅಣೆಕಟ್ಟನ್ನು ಬಳಸಿಹೋಗುವ ಕಾಲುವೆ ಸಿದ್ಧವಾಯಿತು.

ಸುದ್ದಿಯಾಗದ ಕೆಲಸ ರಸ್ತೆ ಮೋರಿಗಳದು. ಹಳ್ಳಕ್ಕಿಂತ ಕಿರಿದಾದ ಕೊಳವೆಯಲ್ಲಿ ನೀರು ರಭಸವಾಗಿ ನುಗ್ಗಿ ಕೆಳಗೆ ಗುಂಡಿ ತೋಡುತ್ತದೆ. ಕೆಲವೇ ವರ್ಷಗಳಲ್ಲಿ ಕೊಳವೆಯ ಬಾಯಿ ನೀರಿಗಿಂತ ಮೇಲೆ ನೇತಾಡುತ್ತದೆ. ಬೇಸಿಗೆಯಲ್ಲಿ ತಣ್ಣೀರು ಹುಡುಕಿ ಮೇಲೇರುವ ಬೆರಳುದ್ದದ ಬ್ರೂಕ್ ಟ್ರೌಟ್‌ಗೆ ಅದು ಅಣೆಕಟ್ಟೇ. ಅದರ ಜಾಗದಲ್ಲಿ ಹಳ್ಳಕ್ಕಿಂತ ಅಗಲವಾದ, ತಳವಿಲ್ಲದ ಕಮಾನು ಕೂರಿಸಿದರೆ ಹಳ್ಳ ತನ್ನ ಜಲ್ಲಿಯ ಮೇಲೇ ಹರಿಯುತ್ತದೆ. ಪಂಚಾಯ್ತಿಗಳಿಗೆ ಇದರ ಬೆಲೆ ಗೊತ್ತಾದದ್ದು 2011ರ ಐರೀನ್ ಚಂಡಮಾರುತದಲ್ಲಿ. ವರ್ಮಾಂಟ್‌ನ ಬೆಟ್ಟಗಳಲ್ಲಿ ಹಳೆಯ ಮೋರಿಗಳು ರಸ್ತೆಯ ಸಮೇತ ಕೊಚ್ಚಿಹೋದವು. ಮೇಲ್ ವೈಟ್ ನದಿಯ ಸೀಮೆಯಲ್ಲಿ ಮೀನಿಗೆಂದು ಅಗಲಗೊಳಿಸಿದ್ದ ದಾಟುಗಳು ನಿಂತವು. ಆಂಬುಲೆನ್ಸ್ ದಾಟುವ ರಸ್ತೆ ಉಳಿಯುತ್ತದೆ ಎಂದಾಗ ಮೀನಿನ ಹೆಸರು ಹೇಳದೆಯೂ ದುಡ್ಡು ಹೊರಡುತ್ತದೆ.

2004ರಿಂದ: ಆ ನೀರಿನದೇ ಮೀನು

ಮೂಲ ತಳಿಯ ಪ್ರಶ್ನೆ ಸಂಸ್ಥೆಯ ನಡುಮನೆಗೆ ಬಂದದ್ದು ಈ ಘಟ್ಟದಲ್ಲಿ. 2004ರಲ್ಲಿ ಮೇನ್‌ನಿಂದ ಜಾರ್ಜಿಯಾವರೆಗಿನ ರಾಜ್ಯಗಳು, ಒಕ್ಕೂಟದ ಇಲಾಖೆಗಳು, ಸಂಘಟನೆಗಳು ಸೇರಿ ಪೂರ್ವದ ಬ್ರೂಕ್ ಟ್ರೌಟ್‌ಗಾಗಿ ಜಂಟಿ ವೇದಿಕೆ ಕಟ್ಟಿದವು. ಟ್ರೌಟ್ ಅನ್‌ಲಿಮಿಟೆಡ್ ಅದರಲ್ಲಿ ಪಾಲುದಾರ. ಅದೇ ಬ್ರೂಕ್ ಟ್ರೌಟ್ ಪಶ್ಚಿಮದ ಬೆಟ್ಟಗಳಲ್ಲಿ ದಾಳಿಕೋರ. ಗಾಳದವರ ಮೋಜಿಗೆಂದು ಅಲ್ಲಿ ಬಿಟ್ಟದ್ದು ಅಲ್ಲಿಯದೇ ಮೂಲದ ಕಟ್‌ಥ್ರೋಟ್ ಟ್ರೌಟ್‌ನ ತಾಣಗಳನ್ನು ಆಕ್ರಮಿಸಿತು. ರೇನ್‌ಬೋ ಅದರೊಂದಿಗೆ ಕೂಡಿ ತಳಿಯನ್ನೇ ಬೆರಕೆ ಮಾಡಿತು. ಹಾಗಾಗಿ ಮೇನ್‌ನಲ್ಲಿ ಮೋರಿ ತೆಗೆದು ದಾರಿ ಬಿಡಿಸುವ ಸಂಸ್ಥೆಯೇ ಆರಿಜೋನಾದಲ್ಲಿ ಹೊರಗಿನ ಟ್ರೌಟ್ ಏರಿಬರದಂತೆ ಹಳ್ಳಕ್ಕೆ ತಡೆ ಕಟ್ಟುವುದನ್ನು ಬೆಂಬಲಿಸುತ್ತದೆ.

ತಡೆಯ ಮೇಲ್ಭಾಗದ ಹೊರಮೀನನ್ನು ತೆಗೆಯಲು ಕೆಲವೊಮ್ಮೆ ರೋಟೆನೋನ್ ಎಂಬ ಸಸ್ಯಮೂಲದ ವಿಷ ಬಳಸುತ್ತಾರೆ. ಮೀನು ಉಳಿಸುವ ಸಂಘ ಮೀನು ಕೊಲ್ಲುವುದೇ ಎಂದು ಸದಸ್ಯರಲ್ಲೇ ಹಲವರಿಗೆ ಕಸಿವಿಸಿಯಾಯಿತು. ಕೈಯಲ್ಲಿ ಹಿಡಿದು ಬೆಳೆದ ಬ್ರೌನ್ ಟ್ರೌಟ್‌ನ ಮೇಲಿನ ಮಮತೆ ಸುಲಭಕ್ಕೆ ಹೋಗುವಂಥದ್ದಲ್ಲ. ಪ್ರತಿಯೊಂದು ಹಳ್ಳವನ್ನೂ ಅದರದೇ ಲೆಕ್ಕದಲ್ಲಿ ನೋಡಬೇಕೆಂಬ ಕಡೆಗೆ ಚರ್ಚೆ ವಾಲಿತು.

ಫಲ ಕಂಡದ್ದೂ ಇದೆ. ಆರಿಜೋನಾದ ವೈಟ್ ಮೌಂಟನ್ ಬೆಟ್ಟಗಳ ಅಪಾಚೆ ಟ್ರೌಟ್ 1967ರ ಮೊದಲ ಅಳಿವಿನಂಚಿನ ಪಟ್ಟಿಯಲ್ಲೇ ಸೇರಿತ್ತು. ಅದಕ್ಕೂ ಮುಂಚೆ ತಮ್ಮ ಹಳ್ಳಗಳಲ್ಲಿ ಗಾಳ ನಿಷೇಧಿಸಿ ಆ ಮೀನನ್ನು ಕಾದುಕೊಂಡವರು ವೈಟ್ ಮೌಂಟನ್ ಅಪಾಚೆ ಜನ. ಶೃಂಗೇರಿಯ ತುಂಗೆಯಲ್ಲಿ ದೇವರ ಮೀನು ಕಂಡವರಿಗೆ ಆ ನಿಷೇಧದ ಬಲ ಬಿಡಿಸಿ ಹೇಳಬೇಕಿಲ್ಲ. ಬುಡಕಟ್ಟಿನವರು, ಸರ್ಕಾರ, ಸಂಸ್ಥೆಯ ಆರಿಜೋನಾ ಘಟಕದವರು ಸೇರಿ ದಶಕ ದಶಕ ದುಡಿದ ಮೇಲೆ 2024ರ ಸೆಪ್ಟೆಂಬರಿನಲ್ಲಿ ಅದು ಪಟ್ಟಿಯಿಂದ ಹೊರಬಂತು. ಅಮೆರಿಕದಲ್ಲಿ ಗಾಳದ ಮೀನೊಂದು ಹೀಗೆ ಹೊರಬಂದದ್ದು ಅದೇ ಮೊದಲು. ಗ್ರೇಲಿಂಗ್ ಮೀನಿಗೂ ಮಿಷಿಗನ್ ಸರ್ಕಾರ ಮತ್ತು ಮೂಲನಿವಾಸಿ ಬುಡಕಟ್ಟುಗಳ ಮುಂದಾಳತ್ವದಲ್ಲಿ ಪ್ರಯತ್ನ ಸಾಗಿದೆ. ಅಲಾಸ್ಕಾ ಮೂಲದ ತಳಿಯ ತತ್ತಿಗಳನ್ನು 2025ರಲ್ಲಿ ರಾಜ್ಯದ ಬೇರೆ ಹೊಳೆಗಳಿಗೆ ಕೊಡಲಾಯಿತು.

2024: ಗಣಿಯ ನೀರು

ಸಂಸ್ಥೆಗೆ ಈಗ ಸುಮಾರು 400 ಘಟಕಗಳು, ಸದಸ್ಯರೂ ಬೆಂಬಲಿಗರೂ ಸೇರಿ ಸುಮಾರು 3 ಲಕ್ಷ ಜನ. ಕಚೇರಿ ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿದೆ. 2010ರಲ್ಲಿ ಮುಖ್ಯಸ್ಥರಾದ ಕ್ರಿಸ್ ವುಡ್ ಅವರ ಕಾಲದ ದೊಡ್ಡ ಹಟ ಪಾಳುಬಿದ್ದ ಗಣಿಗಳದು. ಕಲ್ಲಿನೊಳಗಿನ ಗಂಧಕದ ಅದಿರಿಗೆ ನೀರು, ಗಾಳಿ ತಾಗಿದರೆ ಆಮ್ಲವಾಗುತ್ತದೆ. ಅದರೊಂದಿಗೆ ಕಬ್ಬಿಣ, ಸತು, ತಾಮ್ರ ಕರಗಿ ಹಳ್ಳ ಕೇಸರಿ ಬಣ್ಣಕ್ಕೆ ತಿರುಗುತ್ತದೆ, ಹುಳುವೂ ಉಳಿಯುವುದಿಲ್ಲ. ಪೆನ್ಸಿಲ್ವೇನಿಯಾದ ಕೆಟಲ್ ಕ್ರೀಕ್‌ನಲ್ಲಿ ಸುಣ್ಣಕಲ್ಲು ಹಾಸಿದ ಕೊಳಗಳ ಮೂಲಕ ಕಲ್ಲಿದ್ದಲು ಗಣಿಯ ನೀರು ಹಾಯಿಸಿ ಹುಳಿ ಮುರಿಯುವ ಕೆಲಸ 1990ರ ದಶಕದ ಕೊನೆಯಿಂದಲೇ ನಡೆದಿತ್ತು. ಒಳ್ಳೆಯದು ಮಾಡಲು ಬಂದವರನ್ನು ಕಾನೂನಿನ ಹೊಣೆಯಿಂದ ರಕ್ಷಿಸುವ ಕಾಯ್ದೆಯನ್ನು ಆ ರಾಜ್ಯ 1999ರಲ್ಲೇ ಮಾಡಿಕೊಂಡಿತ್ತು.

ಪಶ್ಚಿಮದ ಚಿನ್ನ, ಬೆಳ್ಳಿಯ ಗಣಿಗಳಲ್ಲಿ ಇದು ಸಾಗಲಿಲ್ಲ. ಮಾಲೀಕರು ತೀರಿಹೋಗಿ ಶತಮಾನವಾಗಿರುತ್ತದೆ. ಹೊರಬರುವ ನೀರಿಗೆ ಯಾರು ಕೈಹಾಕಿದರೋ ಅದರ ಹೊಣೆ ಶಾಶ್ವತವಾಗಿ ಅವರದೇ ಎಂಬುದು ಶುದ್ಧ ನೀರಿನ ಕಾಯ್ದೆಯ ಅರ್ಥವಾಗುತ್ತಿತ್ತು. ಎಷ್ಟೋ ಸಲ ಆಸರೆಯಾದ ಕಾಯ್ದೆ ಇಲ್ಲಿ ಅಡ್ಡನಿಂತಿತ್ತು. ಯೂಟಾ ರಾಜ್ಯದ ಅಮೆರಿಕನ್ ಫೋರ್ಕ್ ಕಣಿವೆಯಲ್ಲಿ 2000ರ ದಶಕದ ಮಧ್ಯದಲ್ಲಿ ಪರಿಸರ ಇಲಾಖೆಯೊಂದಿಗೆ ವಿಶೇಷ ಒಪ್ಪಂದ ಮಾಡಿಕೊಂಡು ಸಂಸ್ಥೆ ಗಣಿಕಸ ತೆಗೆಸಿತು. ಅದೂ ನೀರಿಗೆ ಕೈಹಾಕದೆ. ಎರಡು ದಶಕಕ್ಕೂ ಮಿಕ್ಕಿ ಎರಡೂ ಪಕ್ಷಗಳ ಬಾಗಿಲು ತಟ್ಟಿದ ಮೇಲೆ, 2024ರ ಡಿಸೆಂಬರಿನಲ್ಲಿ, ಆ ಹೊಣೆ ತಲೆಗೆ ಬೀಳದಂತೆ ಪಾಳು ಗಣಿ ಶುದ್ಧಮಾಡಲು ಬಿಡುವ ಕಾನೂನಿಗೆ ಅಧ್ಯಕ್ಷರ ಸಹಿ ಬಿತ್ತು. ಅದು ಏಳು ವರ್ಷದ ಪ್ರಯೋಗ, ಹೆಚ್ಚೆಂದರೆ 15 ಕಡೆ ಅನುಮತಿ. ಪಾಳು ಗಣಿಗಳು ಲಕ್ಷಕ್ಕೂ ಹೆಚ್ಚು. ಯಾವ ಹಳ್ಳ ಮೊದಲು ಎಂಬುದು ಇನ್ನು ಕಣಿವೆಕಣಿವೆಯ ಘಟಕಗಳಲ್ಲಿ ಎದ್ದೇ ಏಳುವ ವಾದ.